ನೆಲದಡಿಯ ಆಸ್ತಿಗೆ ನಲವತ್ತು ವರ್ಷದ ಸಾಲ

1858ನೆಯ ಇಸವಿಯ ಬೇಸಿಗೆಯಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಸದಸ್ಯರು ಮೂಗಿಗೆ ಕರವಸ್ತ್ರ ಹಿಡಿದು ಸಭೆಯಲ್ಲಿ ಕುಳಿತುಕೊಳ್ಳಬೇಕಾಯಿತು. ಮಗ್ಗುಲಲ್ಲಿಯೇ ಹರಿಯುವ ಥೇಮ್ಸ್ ನದಿ ಇಡೀ ನಗರದ ಕೊಳಚೆಯನ್ನು ಹೊತ್ತು ಬಿಸಿಲಿಗೆ ಕೊಳೆಯುತ್ತಿದ್ದಿತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ನೆನೆಸಿ ತೂಗಹಾಕಿದರೂ ನಾತ ತಗ್ಗಲಿಲ್ಲ. ಹೊಸ ಒಳಚರಂಡಿಯ ನಕ್ಷೆಯೇನೋ ಸಿದ್ಧವಾಗಿಯೇ ಇದ್ದಿತು. ಇಂಜಿನಿಯರ್ ಜೋಸೆಫ್ ಬಜಲ್ಗೆಟ್ ಅದನ್ನು ಮುಂದಿಟ್ಟುಕೊಂಡು ಅನುಮತಿಗೂ ಹಣಕ್ಕೂ ಕಾದಿದ್ದನು. 1848–49ರ ಕಾಲರಾ ಪಿಡುಗಿನಲ್ಲಿ ಆ ನಗರದ 14,000ಕ್ಕೂ ಹೆಚ್ಚು ಜನ ಸತ್ತಾಗ ಕೈಗೂಡದಿದ್ದ ಕೆಲಸ, ನಾತವು ಶಾಸನಕರ್ತರ ಮೂಗಿಗೇ ತಟ್ಟಿದ ಮೇಲೆ ಕೆಲವೇ ವಾರಗಳಲ್ಲಿ ಕೈಗೂಡಿತು!

ಆಗಸ್ಟಿನಲ್ಲಿ ಅಂಗೀಕೃತವಾದ ಕಾನೂನು ನಗರದ ಕಾಮಗಾರಿ ಮಂಡಲಿಗೆ 30 ಲಕ್ಷ ಪೌಂಡುಗಳ ಸಾಲವೆತ್ತಲು ಅಧಿಕಾರವಿತ್ತಿತು. ಸರ್ಕಾರ ಜಾಮೀನು ನಿಂತಿತು. ತೀರಿಸುವ ಬಗೆಯನ್ನೂ ಅದೇ ಕಾನೂನು ನಿಶ್ಚಯಿಸಿತು: ಮನೆಗಳ ಮೇಲೆ 3 ಪೆನ್ಸಿನ ದರದ ತೆರಿಗೆ, 40 ವರ್ಷಗಳವರೆಗೆ.

ಮುಂದಿನವರ ತಲೆಯ ಮೇಲೆ ಸಾಲ ಹೊರಿಸುವುದು ನ್ಯಾಯವೇ ಎಂದು ಗೃಹಸ್ಥರು ಕೇಳುವುದು ಸಹಜ. ಸಂಬಳದಲ್ಲಿ ಉಳಿಸಿಯೇ ಮನೆ ಕಟ್ಟುತ್ತೇನೆಂದು ಕುಳಿತ ಗುಮಾಸ್ತನ ಗೃಹಪ್ರವೇಶದ ವೇಳೆಗೆ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಅಲ್ಲಿಯವರೆಗಿನ ಬಾಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರಿನ ಚರಂಡಿಯ ವಿಷಯದಲ್ಲಿ ಆ ಬಾಡಿಗೆಯನ್ನು ತೆರುವುದು ಪ್ರಾಣದಿಂದ. 1866ರಲ್ಲಿ ಲಂಡನ್ನಿಗೆ ಕಾಲರಾ ಮರಳಿ ಬಂದಾಗ ನಗರದ ಬಹುಭಾಗ ಪಾರಾಯಿತು. ಹೊಸ ಚರಂಡಿಯ ಜೋಡಣೆ ಇನ್ನೂ ಮುಗಿಯದಿದ್ದ ಪೂರ್ವಭಾಗದಲ್ಲಿ ಮಾತ್ರ ಸಾವಿರಾರು ಜನ ಸತ್ತರು. ಉಳಿದ ಕೆಲಸ ಕೆಲವೇ ವರ್ಷಗಳದಾಗಿತ್ತು. ಇನ್ನು ನ್ಯಾಯದ ಮಾತು: ಆ ಇಟ್ಟಿಗೆಯ ಕೊಳವೆಗಳು ಇಂದಿಗೂ ನೀರು ಸಾಗಿಸುತ್ತಿವೆ. 150 ವರ್ಷ ಬಾಳುವ ವಸ್ತುವಿನ ಪೂರ್ಣ ಬೆಲೆಯನ್ನು 1858ರ ತೆರಿಗೆದಾರನೊಬ್ಬನಿಂದಲೇ ವಸೂಲು ಮಾಡಿದ್ದರೆ ಅದೇ ಅನ್ಯಾಯವಾಗುತ್ತಿದ್ದಿತು.

ರಸ್ತೆಯ ಸಂಗತಿ ಸ್ವಲ್ಪ ಬೇರೆ. ಡಾಂಬರಿಗೆ ಇಟ್ಟಿಗೆಯ ಆಯುಷ್ಯವಿಲ್ಲ. ಕೆಲವೇ ಮಳೆಗಾಲಗಳಲ್ಲಿ ಕಿತ್ತುಹೋಗುವ ಮೇಲ್ಪದರಕ್ಕೆ ಇಪ್ಪತ್ತು ವರ್ಷದ ಸಾಲವೆತ್ತಿದರೆ, ರಸ್ತೆ ಸತ್ತ ಮೇಲೂ ಅದರ ಬಡ್ಡಿ ಬದುಕಿರುತ್ತದೆ. ಸಾಲದ ಅವಧಿ ವಸ್ತುವಿನ ಆಯುಷ್ಯವನ್ನು ಮೀರಬಾರದು. ಕೊಳವೆ ಮೊದಲು, ಡಾಂಬರು ಆಮೇಲೆ ಎಂಬ ಕ್ರಮವೂ ಬೇಕು; ಹೊಸ ರಸ್ತೆಯನ್ನು ಮರುವಾರವೇ ಅಗೆಯುವ ದೃಶ್ಯವನ್ನು ಕಾಣದ ಬಡಾವಣೆ ನಮ್ಮಲ್ಲಿ ಯಾವುದಿದೆ?

ಭಾರತದಲ್ಲಿ ಈ ಹಾದಿಗೆ ಮೊದಲು ಕಾಲಿಟ್ಟ ಕೀರ್ತಿ ಬೆಂಗಳೂರಿನದು. 1997ರಲ್ಲಿ ಇಲ್ಲಿನ ಮಹಾನಗರಪಾಲಿಕೆ ರಸ್ತೆ ಮತ್ತು ಚರಂಡಿಗಳಿಗಾಗಿ 125 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಿತು. ಜಾಮೀನು ರಾಜ್ಯ ಸರ್ಕಾರದ್ದು. ಮರುವರ್ಷ ಅಹಮದಾಬಾದು ಒಂದು ಹೆಜ್ಜೆ ಮುಂದೆ ಹೋಯಿತು. ನೀರು ಸರಬರಾಜು, ಒಳಚರಂಡಿಗಳಿಗೆಂದು ಎತ್ತಿದ 100 ಕೋಟಿಗೆ ಅದು ಸರ್ಕಾರದ ಜಾಮೀನನ್ನೇ ಕೇಳಲಿಲ್ಲ. ತನ್ನ ಆಕ್ಟ್ರಾಯ್ ಸುಂಕದ ವಸೂಲಿಯ ಒಂದು ಭಾಗವನ್ನು ಸಾಲಗಾರರ ಪಾಲಿಗೆಂದು ಪ್ರತ್ಯೇಕ ಖಾತೆಯಲ್ಲಿರಿಸಿತು. ಬಾಂಡು ಕೊಂಡವನಿಗೆ ಬೇಕಾದುದು ಇಂತಹ ಭರವಸೆಯೇ. ನಗರಸಭೆಯ ಲೆಕ್ಕಪತ್ರ ನೆಟ್ಟಗಿರಬೇಕು, ಮನೆಕಂದಾಯ ಸಕಾಲಕ್ಕೆ ಬರಬೇಕು. ಕಂದಾಯ ಬಾಕಿ ಇರಿಸಿಕೊಂಡು ಚರಂಡಿಯನ್ನು ಬಯ್ಯುವವರು ಈ ಲೆಕ್ಕದಲ್ಲಿ ತಾವೂ ಒಂದು ಅಂಕಿಯೆಂಬುದನ್ನು ಮರೆಯುತ್ತಾರೆ.

ಚಿಕ್ಕ ಊರುಗಳನ್ನು ನಂಬಿ ಯಾರು ಸಾಲ ಕೊಟ್ಟಾರು ಎಂಬ ಸಂದೇಹಕ್ಕೂ ಕರ್ನಾಟಕ ಒಂದು ಉಪಾಯವನ್ನು ಕಂಡಿತು. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಪಟ್ಟಣಗಳ ಪರವಾಗಿ ಒಂದೇ ನಿಧಿಯ ಮೂಲಕ 100 ಕೋಟಿ ರೂಪಾಯಿಗಳನ್ನು ನೀರಿನ ಯೋಜನೆಗೆಂದು ಎತ್ತಲಾಯಿತು. ಒಬ್ಬೊಬ್ಬರೇ ಹೋಗಿದ್ದರೆ ಬಾಗಿಲಲ್ಲೇ ನಿಲ್ಲಬೇಕಾಗಿದ್ದವರಿಗೆ ಒಟ್ಟಾಗಿ ಹೋದುದರಿಂದ ಮಣೆ ದೊರೆಯಿತು. 2007ರಲ್ಲಿ ಆ ಪಟ್ಟಣಗಳು ಮಹಾನಗರದಲ್ಲಿ ಲೀನವಾದವು.

ಲಂಡನ್ನಿನಲ್ಲಿ ಬಜಲ್ಗೆಟ್ಟನ ಕೊಳವೆಗಳಿಗೆ ಈಗ ಜನಸಂಖ್ಯೆಯ ಭಾರ ಹೆಚ್ಚಾಯಿತು. ಮಳೆ ಬಂದಾಗ ಉಕ್ಕುವ ಕೊಳಚೆಯನ್ನು ತಡೆಯಲು ಥೇಮ್ಸಿನ ಉದ್ದಕ್ಕೂ ತೋಡಿದ 25 ಕಿಲೋಮೀಟರಿನ ಹೊಸ ಸುರಂಗಕ್ಕೆ 2025ರಲ್ಲಿ ಕಡೆಯ ಜೋಡಣೆಯೂ ಆಯಿತು. ಅದನ್ನು ನಿರ್ಮಿಸಿದ ಕಂಪೆನಿಗೆ ಬಜಲ್ಗೆಟ್ಟನ ಹೆಸರನ್ನೇ ಇಟ್ಟಿದ್ದಾರೆ. ಈ ಕಂಪೆನಿಯೂ ಬಾಂಡುಗಳನ್ನು ಮಾರಿಯೇ ಹಣ ಕೂಡಿಸಿತು. ಅದರ ಕಂತು ಅಲ್ಲಿನ ಮನೆಗಳ ನೀರಿನ ಬಿಲ್ಲಿನೊಂದಿಗೆ ಬರುತ್ತದೆ.