ಸಮುದ್ರ ದಾಟಿದ ಯಂತ್ರ ಘಾಟ ಏರುವ ಬಗೆ

ಪುಣೆಗೆ ಹೊಸದಾಗಿ ಬಂದ ಕನ್ನಡ ಕುಟುಂಬಕ್ಕೆ ಮೊದಲ ವಾರದಲ್ಲೇ ಒಂದು ಸೋಜಿಗ ಕಾದಿರುತ್ತದೆ. ಬೆಳಗಾದರೆ ಓಣಿಯಲ್ಲಿ ಕೈಗಾಡಿಯವನು “ಭಂಗಾರ್, ಭಂಗಾರ್” ಎಂದು ಕೂಗುತ್ತ ಬರುತ್ತಾನೆ. ಬಂಗಾರವನ್ನು ಹೀಗೆ ಬೀದಿಯಲ್ಲಿ ಕೂಗಿ ಮಾರುವ ಊರೂ ಉಂಟೇ ಎಂದು ನಮ್ಮ ಅಜ್ಜಿಯರು ಬಾಗಿಲಿಗೆ ಬಂದು ನೋಡಿದರೆ, ಗಾಡಿಯ ತುಂಬ ತುಕ್ಕು ಹಿಡಿದ ಕಬ್ಬಿಣ, ಒಡೆದ ಬಕೆಟ್ಟು, ಹಳೆಯ ವೃತ್ತಪತ್ರಿಕೆ! ನಮ್ಮ ಬಂಗಾರವೇ ಬೇರೆ, ಮರಾಠಿಯ ಭಂಗಾರವೇ ಬೇರೆ. ಆದರೆ ಈಚಿನ ವರ್ಷಗಳಲ್ಲಿ ಈ ಎರಡು ಮಾತುಗಳ ನಡುವಿನ ಅಂತರ ಕಡಿಮೆಯಾಗುತ್ತ ಬಂದಿದೆ.

ಅದಕ್ಕೆ ಕಾರಣವಿದೆ. ಆಯುಷ್ಯ ತೀರಿದ ಮೋಟಾರುಗಳನ್ನು ಕ್ರಮಬದ್ಧವಾಗಿ ಒಡೆಯುವುದಕ್ಕೆ ಕೇಂದ್ರ ಸರಕಾರವು 2021ರಲ್ಲಿ ನಿಯಮ ಮಾಡಿತು. ಹಳೆಯ ವಿದ್ಯುನ್ಮಾನ ಸಾಮಾನು, ಬ್ಯಾಟರಿ, ಟೈರು, ಪ್ಲಾಸ್ಟಿಕ್ ಇವುಗಳ ಬಗ್ಗೆ 2022ರಲ್ಲಿ ಒಂದರ ಹಿಂದೊಂದು ನಿಯಮಗಳು ಬಂದವು. ವಸ್ತುವನ್ನು ತಯಾರಿಸಿದವನೇ ಅದರ ಅಂತ್ಯಸಂಸ್ಕಾರಕ್ಕೂ ಹೊಣೆಗಾರ ಎಂಬುದು ಇವುಗಳ ತಿರುಳು. ಸುತ್ತಿಗೆ ಉಳಿ ಹಿಡಿದು ಒಡೆದು ತೀರುವ ರಾಶಿ ಇದಲ್ಲ. ಇಡೀ ಕಾರನ್ನು ಚೂರು ಮಾಡುವ ಯಂತ್ರ, ತಗಡನ್ನು ಹಿಂಡಿ ಇಟ್ಟಿಗೆಯಂತೆ ಕಟ್ಟುವ ಒತ್ತುಯಂತ್ರ, ತಂತಿಯಿಂದ ತಾಮ್ರವನ್ನೂ ಪ್ಲಾಸ್ಟಿಕ್ಕನ್ನೂ ಬೇರ್ಪಡಿಸುವ ಯಂತ್ರ ಬೇಕಾದವು. ಇವುಗಳಲ್ಲಿ ದೊಡ್ಡವು ಅನೇಕ ಜರ್ಮನಿ, ಇಟಲಿ, ಚೀನಗಳಿಂದ ಹಡಗೇರಿ ಬರುತ್ತವೆ. ಪುಣೆಯ ಸುತ್ತ ಭೋಸರಿ, ಚಾಕಣ, ತಳೇಗಾಂವ, ರಾಂಜಣಗಾಂವಗಳಲ್ಲಿ ಕೈಗಾರಿಕೆಗಳಿವೆ. ದಕ್ಷಿಣಕ್ಕೆ ಕೊಲ್ಹಾಪುರ, ಬೆಳಗಾವಿಗಳ ಎರಕದ ಕಾರಖಾನೆಗಳು ಗುಜರಿ ಕಬ್ಬಿಣಕ್ಕಾಗಿ ಕಾದಿರುತ್ತವೆ.

ಈ ಯಂತ್ರಗಳು ಏನು ಮಾಡುತ್ತವೆ ಎಂದು ಬರೆಯುವವರು ಬಹಳ. ಅವು ಬಂದರಿನಿಂದ ಕೊಂಡವನ ಅಂಗಳಕ್ಕೆ ಹೇಗೆ ಬಂದು ಮುಟ್ಟುತ್ತವೆ ಎಂಬುದನ್ನು ಬರೆಯುವವರು ಕಡಿಮೆ. ನಮ್ಮ ಬಳಗದಲ್ಲಿ ಲಾರಿ ನಡೆಸುವವರೂ ಇದ್ದಾರೆ, ಭೋಸರಿಯಲ್ಲಿ ಸಣ್ಣ ಕಾರಖಾನೆ ಇಟ್ಟವರೂ ಇದ್ದಾರೆ. ಆದ್ದರಿಂದ ಆ ದಾರಿಯ ಕತೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಎಂಟೂವರೆ ಅಡಿಯ ಗೆರೆ

ಎಲ್ಲಕ್ಕೂ ಮೊದಲು ಅಳತೆ. ಸಾಮಾನ್ಯ ಕಂಟೇನರಿನ ಒಳಗಿನ ಅಗಲ ಸುಮಾರು 2.35 ಮೀಟರ್. ಅದರೊಳಗೆ ಹಿಡಿಸಿದ ಯಂತ್ರಕ್ಕೆ ಯಾವ ಕಷ್ಟವೂ ಇಲ್ಲ; ಅಕ್ಕಿ ಮೂಟೆಯಂತೆ ಅದೂ ಒಂದು ಸರಕು. ಹಿಡಿಸದಿದ್ದರೆ ಪಕ್ಕದ ಗೋಡೆಯೂ ಮೇಲಿನ ಹೊದಿಕೆಯೂ ಇಲ್ಲದ, ತಟ್ಟೆಯಂಥ ಕಂಟೇನರಿನಲ್ಲಿ ಕಟ್ಟಿ ತರುತ್ತಾರೆ. ಸಮುದ್ರಕ್ಕೆ ಅಗಲದ ಚಿಂತೆಯಿಲ್ಲ. ಚಿಂತೆ ಶುರುವಾಗುವುದು ನೆಲ ಮುಟ್ಟಿದ ಮೇಲೆ.

ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಯ ಮೇಲಿನ ವಾಹನ 2.6 ಮೀಟರಿಗಿಂತ, ಅಂದರೆ ಸುಮಾರು ಎಂಟೂವರೆ ಅಡಿಗಿಂತ, ಅಗಲವಿರಕೂಡದು. ಎತ್ತರಕ್ಕೂ ಉದ್ದಕ್ಕೂ ಹೀಗೆಯೇ ಗೆರೆಗಳಿವೆ. ತೂಕದ ಗೆರೆಯನ್ನು 2018ರಲ್ಲಿ ಏರಿಸಿದರು; ಆದರೂ ಸಾಮಾನ್ಯ ಟ್ರೇಲರು ಹೊರೆಸಹಿತ 55 ಟನ್ ದಾಟುವಂತಿಲ್ಲ. ಈ ಗೆರೆಗಳನ್ನು ಮೀರಿದ ಸರಕಿಗೆ ಲಾರಿಯವರ ಭಾಷೆಯಲ್ಲಿ ‘ಓ.ಡಿ.ಸಿ.’ ಎಂದು ಹೆಸರು. ಅತಿಗಾತ್ರದ ಹೊರೆ ಎಂದು ನಾವು ಕರೆಯಬಹುದು.

ಎತ್ತರದ ಲೆಕ್ಕ ಬಲು ಸೂಕ್ಷ್ಮವಾದದ್ದು. ಸಾಮಾನ್ಯ ಟ್ರೇಲರಿನ ಹಲಗೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ತಗ್ಗು ಟ್ರೇಲರಿನದು ಸುಮಾರು ಒಂದೇ ಮೀಟರ್. ಮೂರೂವರೆ ಮೀಟರ್ ಎತ್ತರದ ಯಂತ್ರವನ್ನು ಮೊದಲನೆಯದರ ಮೇಲಿಟ್ಟರೆ ನೆಲದಿಂದ ತಲೆಯವರೆಗೆ ಐದು ಮೀಟರ್, ಎರಡನೆಯದರ ಮೇಲೆ ನಾಲ್ಕೂವರೆ. ವಿದ್ಯುತ್ ರೈಲು ಓಡುವ ಕಡೆ ಲೆವೆಲ್ ಕ್ರಾಸಿಂಗಿನ ಎರಡೂ ಬದಿಗೆ ಒಂದು ಕಬ್ಬಿಣದ ತೋರಣ ನಿಲ್ಲಿಸಿರುವುದನ್ನು ವಾಚಕರು ನೋಡಿರಬಹುದು. ಅದರ ಎತ್ತರ 4.67 ಮೀಟರ್. ಒಂದೇ ಯಂತ್ರ ಒಂದು ಗಾಡಿಯ ಮೇಲೆ ಅದರಡಿ ಪಾರಾಗುತ್ತದೆ, ಇನ್ನೊಂದರ ಮೇಲೆ ತಲೆ ಬಡಿಸಿಕೊಳ್ಳುತ್ತದೆ. ಅರ್ಧ ಮೀಟರಿನ ಬೆಲೆ ಅಷ್ಟು.

ಕಾಗದದ ರಸ್ತೆ

ನಾನು ವೃತ್ತಿಯಿಂದ ಕಾರಕೂನ. ಡಾಂಬರಿನ ರಸ್ತೆಗಿಂತ ಕಾಗದದ ರಸ್ತೆಯ ಪರಿಚಯ ನನಗೆ ಹೆಚ್ಚು. ಮುಂಬಯಿಯ ಎದುರು ದಡದಲ್ಲಿ 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿನಲ್ಲಿ ಯಂತ್ರ ಇಳಿದೊಡನೆ ಎರಡು ಗಡಿಯಾರಗಳು ಓಡತೊಡಗುತ್ತವೆ. ಒಂದು ಬಂದರಿನದು: ಉಚಿತವಾಗಿ ಇಟ್ಟುಕೊಳ್ಳುವ ಕೆಲವು ದಿನ ಮುಗಿದ ಮೇಲೆ ದಿನದ ಬಾಡಿಗೆ ಏರುತ್ತ ಹೋಗುತ್ತದೆ. ಇನ್ನೊಂದು ಬ್ಯಾಂಕಿನದು: ಯಂತ್ರ ತಿರುಗಲಿ ಬಿಡಲಿ, ಸಾಲದ ಬಡ್ಡಿ ತಿರುಗುತ್ತಲೇ ಇರುತ್ತದೆ. ಸುಂಕದ ಕಾಗದಗಳು ಮುಗಿದರೂ ಅತಿಗಾತ್ರದ ಹೊರೆ ಗೇಟು ದಾಟಲಾರದು. ರಸ್ತೆಯ ವಿಶೇಷ ಪರವಾನಿಗೆ ಬೇಕು. ಯಾವ ದಾರಿ, ಯಾವ ಗಾಡಿ, ಎಷ್ಟು ಅಚ್ಚು, ಪ್ರತಿ ಅಚ್ಚಿನ ಮೇಲೆ ಎಷ್ಟು ಭಾರ, ನಡುವೆ ಯಾವ ಸೇತುವೆ ಎಂಬುದೆಲ್ಲ ಅದರಲ್ಲಿ ಬರಬೇಕು.

ಪರವಾನಿಗೆಯ ಹಿಂದೆ ಒಂದು ತತ್ವವಿದೆ: ಹೊರೆ ಬಿಡಿಸಲಾರದ್ದಾಗಿರಬೇಕು. ಬಿಚ್ಚಿ ಎರಡು ಗಾಡಿಯಲ್ಲಿ ತರಬಹುದಾದದ್ದನ್ನು ಒಂದೇ ಗಾಡಿಯಲ್ಲಿ ಹೇರಿ ವಿನಾಯಿತಿ ಕೇಳುವಂತಿಲ್ಲ. ಇದು ತಿಳಿಯದೆ ನಷ್ಟಪಟ್ಟವರುಂಟು. ನಮ್ಮ ಬಳಗದ ತರುಣರೊಬ್ಬರು ತಂತಿ ಒಡೆಯುವ ಯಂತ್ರ ತರಿಸಿದರು. ಯಂತ್ರದ ಒಡಲು ಗೆರೆಯ ಒಳಗೇ ಇತ್ತು. ಆದರೆ ಸರಕು ಸುರಿಯುವ ಬಾಯಿಯನ್ನು ಮಾರಿದವರು ಜೋಡಿಸಿಯೇ ಕಳುಹಿಸಿದ್ದರು. ಅದೊಂದರಿಂದ ಅಗಲ ಗೆರೆ ದಾಟಿತು. ಬೋಲ್ಟು ಬಿಚ್ಚಿದರೆ ಮುಗಿಯುವ ಕೆಲಸ. ಆದರೆ ಬಂದರಿನ ಒಳಗೆ ಯಾರು ಬಿಚ್ಚಬೇಕು, ಯಾರ ಅಪ್ಪಣೆಯಿಂದ, ಯಾವ ಕ್ರೇನಿನಿಂದ? ಹನ್ನೊಂದು ದಿನ ಹೋದವು. ಅವರ ತಾಯಿ ದೇವರ ಮುಂದೆ ದೀಪ ಹಚ್ಚುವಾಗ ಯಂತ್ರದ ಹೆಸರನ್ನೂ ಹೇಳುತ್ತಿದ್ದರಂತೆ. ಖರೀದಿಯ ಪತ್ರದಲ್ಲಿ “ಬಾಯಿಯನ್ನು ಬಿಚ್ಚಿ ಕಳುಹಿಸತಕ್ಕದ್ದು” ಎಂಬ ಒಂದು ಸಾಲು ಇದ್ದಿದ್ದರೆ ಸಾಕಾಗಿತ್ತು.

ಬೋರ್ ಘಾಟದಲ್ಲಿ

ಬಂದರಿನಿಂದ ಪುಣೆಗೆ ಸುಮಾರು 120 ಕಿಲೋಮೀಟರ್. ಕಾರಿನಲ್ಲಿ ಮೂರು ತಾಸಿನ ದಾರಿ. ಅತಿಗಾತ್ರದ ಹೊರೆಗೆ ಅದು ರಾತ್ರಿಗಳ ಲೆಕ್ಕ. ಪನವೇಲಿನ ಪಳಸ್ಪೆ ಫಾಟಾದವರೆಗೆ ನೆಲ ಸಮತಟ್ಟು. ಖೋಪೋಲಿ ದಾಟಿದ ಮೇಲೆ ಸಹ್ಯಾದ್ರಿ ಎದುರು ನಿಲ್ಲುತ್ತದೆ. ಮೇಲಿನ ಲೋಣಾವಳಾ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ.

ಈ ಘಾಟದಲ್ಲಿ ಬಂಡಿ ಓಡುವ ರಸ್ತೆ 1830ರಲ್ಲಿ ಆಯಿತು; ರೈಲು 1863ರಲ್ಲಿ ಏರಿತು; ಎಕ್ಸ್‌ಪ್ರೆಸ್ ಮಾರ್ಗ 2002ರಲ್ಲಿ ಪೂರ್ಣವಾಯಿತು. 1830ರ ಅಮೃತಾಂಜನ ಸೇತುವೆಯ ಕಮಾನುಗಳ ಕೆಳಗೆ ನಮ್ಮಲ್ಲಿ ಅನೇಕರು ಬಸ್ಸಿನಲ್ಲಿ ಹಾದುಹೋಗಿದ್ದೇವೆ. ಅದರ ಕಂಬಗಳ ನಡುವೆ ಗಾಡಿಗಳು ಇಕ್ಕಟ್ಟಿನಲ್ಲಿ ಸಿಲುಕುತ್ತಿದ್ದವು. ಕೊನೆಗೆ 2020ರ ಏಪ್ರಿಲಿನಲ್ಲಿ, ಲಾಕ್‌ಡೌನಿನಿಂದ ರಸ್ತೆ ಬರಿದಾಗಿದ್ದಾಗ, ಸ್ಫೋಟಕ ಇಟ್ಟು ಅದನ್ನು ಕೆಡವಿದರು. ಹಳೆಯ ಕಟ್ಟಡದ ಬಗ್ಗೆ ವ್ಯಥೆ ಸಹಜ. ಆದರೆ ಅಗಲದ ಹೊರೆ ಹೊತ್ತವನ ನಿಟ್ಟುಸಿರೂ ಸಹಜವೇ.

ಗಾಡಿ ಹೊರಡುವ ಮುನ್ನ ಒಬ್ಬನು ದಾರಿಯುದ್ದಕ್ಕೂ ಅಳೆದುಕೊಂಡು ಹೋಗಿರುತ್ತಾನೆ. ಸೇತುವೆಯ ಕೆಳಗಿನ ಎತ್ತರ, ತಿರುವಿನ ಅಗಲ, ಜೋತ ತಂತಿ, ಬಾಗಿದ ಕೊಂಬೆ, ಟೋಲ್ ನಾಕೆಯ ಅಂಚಿನ ಓಣಿ ಎಲ್ಲವೂ ಅವನ ವಹಿಯಲ್ಲಿ. ತೀರ ಭಾರದ ಯಂತ್ರಕ್ಕೆ ಹೈಡ್ರಾಲಿಕ್ ಟ್ರೇಲರು ಬರುತ್ತದೆ. ಅದರ ಒಂದೊಂದು ಸಾಲಿಗೂ ಎಂಟು ಟೈರು. ಬೇಕಾದಷ್ಟು ಸಾಲುಗಳನ್ನು ಕೂಡಿಸಿಕೊಳ್ಳಬಹುದು. ರಸ್ತೆ ಓರೆಯಾದರೆ ಎಣ್ಣೆಯ ಒತ್ತಡದಿಂದ ಒಂದು ಬದಿಯನ್ನು ಎತ್ತಿ, ಇನ್ನೊಂದನ್ನು ತಗ್ಗಿಸಿ, ಹಲಗೆಯನ್ನು ಸಮವಾಗಿಡುತ್ತಾರೆ. ಏರು ಕಡಿದಾದಲ್ಲಿ ಮುಂದೆ ಎಳೆಯಲು ಒಂದು ಎಂಜಿನ್ನು, ಹಿಂದೆ ನೂಕಲು ಇನ್ನೊಂದು.

ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಪರಿಚಯವಾದ ವಿಜಯಪುರದ ಕಡೆಯ ಹಿರಿಯ ಚಾಲಕರೊಬ್ಬರು ಹೇಳಿದ ಮಾತು ನೆನಪಿನಲ್ಲಿದೆ: “ಘಾಟ ಏರಸೂದು ಇಂಜಿನ್ನಿನ ಕೆಲಸಾರೀ ಸಾಹೇಬ್ರ, ಇಳಸೂದು ನಮ್ಮ ಕೆಲಸ.” ಬೆಳಗಾವಿಗೆ ಹೋಗುವ ಹೊರೆ ಪುಣೆಯಲ್ಲಿ ನಿಲ್ಲುವುದಿಲ್ಲ, ಸಾತಾರಾ ದಾರಿಯಲ್ಲಿ ಖಂಬಾಟಕಿ ಘಾಟವನ್ನು ದಾಟಬೇಕು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಒತ್ತಿದವನ ಬ್ರೇಕು ಕಾದು ಹಿಡಿತ ಬಿಡುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಸುಮಾರು ಅದೇ ಗೇರು ಎಂಬುದು ಆ ಹಿರಿಯರು ಕಲಿತ, ಕಲಿಸಿದ ಪಾಠ.

ಕೊನೆಯ ಫರ್ಲಾಂಗು

ಘಾಟ ಗೆದ್ದವನು ಓಣಿಯಲ್ಲಿ ಸೋಲುವುದುಂಟು. ಹೆದ್ದಾರಿಯ ಅಂದಾಜನ್ನು ಎಲ್ಲರೂ ಮಾಡುತ್ತಾರೆ. ಕಾರಖಾನೆಯ ಮುಂದಿನ ಓಣಿಯದನ್ನು ಮಾಡುವುದಿಲ್ಲ. ನಲವತ್ತು ಅಡಿಯ ಗಾಡಿ ತಿರುಗುವುದಕ್ಕೆ ಜಾಗವಿದೆಯೇ, ಗಟಾರಿನ ಮೇಲಿನ ಹಾಸುಗಲ್ಲು ಭಾರ ತಾಳೀತೇ, ಕ್ರೇನು ನಿಲ್ಲಲು ಗಟ್ಟಿ ನೆಲವಿದೆಯೇ, ಯಂತ್ರ ಕೂರಿಸುವ ಕಾಂಕ್ರೀಟಿನ ಪಾಯ ಒಣಗಿದೆಯೇ ಎಂದು ಕೇಳಬೇಕು.

ತಂತಿಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಯಂತ್ರದ ನೆತ್ತಿಯ ಮೇಲೆ ಒಬ್ಬ ಹುಡುಗ ಕುಳಿತು ಕೋಲಿನಿಂದ ತಂತಿ ಎತ್ತುತ್ತ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಮೆರವಣಿಗೆಯಲ್ಲಿ ಕಂಡಿದ್ದೇವೆ, ಲಾರಿಯ ಮೇಲೂ ಕಂಡಿದ್ದೇವೆ. ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಕೋಲೂ ಒಂದೇ, ಕೈಯೂ ಒಂದೇ; ಮುಟ್ಟುವುದೇ ಬೇಡ, ತೀರ ಹತ್ತಿರ ಹೋದರೂ ಸಾಕು. ಮಹಾವಿತರಣಕ್ಕೆ ಮೊದಲೇ ಬರೆದು, ಹಣ ಕಟ್ಟಿ, ಅವರ ನೌಕರರು ಬಂದು ವಿದ್ಯುತ್ತನ್ನು ನಿಲ್ಲಿಸಿದ ಮೇಲೆ ಗಾಡಿ ಮುಂದೆ ಹೋಗಬೇಕು. ಅದಕ್ಕೆ ಅರ್ಧ ದಿನ ಹೋದರೆ ಹೋಗಲಿ. ಆ ಹುಡುಗನ ಊರಿನಲ್ಲಿ ಅವನಿಗಾಗಿ ಕಾಯುವವರಿದ್ದಾರೆ.

ದೊಡ್ಡ ಹೊರೆ, ದೊಡ್ಡ ಪಾಠ

ನಮ್ಮ ಕಾಲದಲ್ಲೇ ಎರಡು ದೊಡ್ಡ ಪಯಣಗಳು ಆಗಿಹೋದವು. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಅಂತರಿಕ್ಷ ಕೇಂದ್ರಕ್ಕಾಗಿ ಮಹಾರಾಷ್ಟ್ರದಿಂದ 2019ರ ಜುಲೈಯಲ್ಲಿ ಹೊರಟ ಒಂದು ಯಂತ್ರ ಗುರಿ ಮುಟ್ಟಿದ್ದು 2020ರ ಜುಲೈಯಲ್ಲಿ! ಸುಮಾರು 70 ಟನ್ ಭಾರ, 7.5 ಮೀಟರ್ ಎತ್ತರ; ಗಾಡಿಗೆ 74 ಗಾಲಿ. ಲಾಕ್‌ಡೌನ್ ಅದನ್ನು ನಡುದಾರಿಯಲ್ಲಿ ತಡೆಯಿತು ನಿಜ. ಆದರೆ ದಾರಿಯುದ್ದಕ್ಕೂ ಕಂಬ ಸರಿಸುವ, ಕೊಂಬೆ ಕಡಿಯುವ ಕೆಲಸವೂ ತಪ್ಪಲಿಲ್ಲ. ಇನ್ನೊಂದು, ಬೆಂಗಳೂರಿನ ಈಜೀಪುರದ ದೇವಸ್ಥಾನಕ್ಕಾಗಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ 240 ಗಾಲಿಗಳ ಗಾಡಿಯ ಮೇಲೆ ಬಂದ ಮಹಾವಿಷ್ಣುವಿನ ಏಕಶಿಲಾ ವಿಗ್ರಹ. 2018ರ ಕೊನೆಗೆ ಹೊರಟದ್ದು ಮುಟ್ಟಿದ್ದು 2019ರ ಜೂನಿನಲ್ಲಿ. ಸೇತುವೆ ಭಾರ ತಾಳಲಾರದೆಂದು ನದಿಯ ಪಾತ್ರದಲ್ಲೇ ಮಣ್ಣಿನ ದಾರಿ ಹಾಕಬೇಕಾಯಿತು. ದೇವರಾದರೂ ಸರಿಯೇ, ಸೇತುವೆ ಭಾರವನ್ನು ಮಾತ್ರ ನೋಡುತ್ತದೆ.

ನಮ್ಮ ಭೋಸರಿಯ ಗುಜರಿ ಯಂತ್ರ ಅಷ್ಟು ದೊಡ್ಡದಲ್ಲ. ಆದರೆ ಅದನ್ನು ಕೊಂಡವನೂ ದೊಡ್ಡವನಲ್ಲ. ಮನೆ ಒತ್ತೆಯಿಟ್ಟು ಕೊಂಡಿರಬಹುದು. ತಡವಾದಾಗ ಆತುರ ಹುಟ್ಟುತ್ತದೆ. ಪರವಾನಿಗೆಯಿಲ್ಲದೆ ರಾತ್ರೋರಾತ್ರಿ ತಂದುಬಿಡುತ್ತೇನೆ ಎನ್ನುವ ಗಾಡಿಯವನು ಆ ಹೊತ್ತಿಗೆ ಸರಿಯಾಗಿ ಕಾಣಿಸಿಕೊಳ್ಳುತ್ತಾನೆ. ಅವನ ಬಾಡಿಗೆ ಕಡಿಮೆ ನಿಜ. ಆದರೆ ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಆ ಕಾಗದವನ್ನೇ. ಉಳಿಸಿದ ಹಣದ ಹೊರೆ ಆಗ ಚಾಲಕನ ಹೆಗಲ ಮೇಲೆ ಬೀಳುತ್ತದೆ. ಅವನು ನಮ್ಮ ನಾಡಿನ ಕಡೆಯವನೇ ಆಗಿರಬಹುದು.

ಆದ್ದರಿಂದ ಯಂತ್ರ ಕೊಳ್ಳುವ ವಿಚಾರವಿರುವ ನಮ್ಮ ತರುಣರಿಗೆ ನಾನು ಹೇಳುವುದಿಷ್ಟೆ. ಬೆಲೆ ಕೇಳುವ ಮೊದಲು ಅಳತೆ ಕೇಳಿರಿ. ಕಟ್ಟಿದ ಮೇಲಿನ ಅಗಲ, ಎತ್ತರ, ತೂಕ ಮೂರನ್ನೂ ಬರೆಸಿಕೊಳ್ಳಿರಿ. ಏನೇನು ಬಿಚ್ಚಿ ಬರುತ್ತದೆ ಎಂಬುದನ್ನು ಖರೀದಿ ಪತ್ರದಲ್ಲೇ ಸೇರಿಸಿರಿ. ಹಡಗು ಹೊರಡುವ ಮುನ್ನ ಪರವಾನಿಗೆಯ ಅರ್ಜಿಗೆ ಬೇಕಾದ ಕಾಗದ ಕೂಡಿಸಿರಿ. ಕೊನೆಗೆ, ಕೈಯಲ್ಲಿ ಟೇಪು ಹಿಡಿದು ನಿಮ್ಮ ಕಾರಖಾನೆಯ ಗೇಟಿನಿಂದ ಹೆದ್ದಾರಿಯವರೆಗೆ ಒಮ್ಮೆ ನಡೆದು ಬನ್ನಿರಿ. ಒಂದು ಮುಂಜಾನೆಯ ಕೆಲಸ. ಖರ್ಚು, ಒಂದು ಚಹಾದ್ದು.