ಹ ಜ ಕ ಲ: ಬಾಂದ್ರಾದ ಕಪ್ಪು ತೆರೆಯಲ್ಲಿ ಒಂದು ಕಾಗುಣಿತ

ಬಾಂದ್ರಾ–ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳಲ್ಲಿ ನಡೆಯುವ ಕೆಲಸದ ದೊಡ್ಡ ಪಾಲು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಷೇರುಪೇಟೆಯ ವಹಿವಾಟು ಮುಗಿದ ಮೇಲೆ ಬ್ಯಾಂಕು, ದಲ್ಲಾಳಿ ಕಚೇರಿಗಳ ಸರ್ವರ್ ನೋಡಿಕೊಳ್ಳುವವರ ಪಾಳಿ ಶುರು. ಸರ್ವರ್‌ಗೆ ಮೌಸ್ ಇಲ್ಲ, ಐಕಾನ್ ಇಲ್ಲ. ಲಾಗಿನ್ ಆದರೆ ಕಪ್ಪು ತೆರೆ, ಮಿನುಗುವ ಕರ್ಸರ್, ಅಷ್ಟೆ. ಅಲ್ಲಿ ಒಂದು ಫೈಲಿನ ಒಂದೇ ಸಾಲು ತಿದ್ದಬೇಕೆಂದರೂ ಕೈಗೆ ಸಿಗುವುದು ವಿಐ ಎಂಬ ಎಡಿಟರ್ ಅಥವಾ ಅದರ ಮುಂದಿನ ತಲೆಮಾರಿನ ವಿಮ್. ನನ್ನ ಅನ್ನ ಹುಟ್ಟಿದ್ದು ಈ ತೆರೆಯಲ್ಲೇ. ಇದನ್ನು ಕಷ್ಟವೆಂದು ಮಕ್ಕಳು ದೂರ ಇಡುವುದನ್ನು ಕಂಡರೆ ಬೇಸರವಾಗುತ್ತದೆ.

ಬಾಂದ್ರಾದಲ್ಲಿ ಥಡೋಮಲ್ ಶಹಾನಿ, ಫಾದರ್ ರೊಡ್ರಿಗಸ್‌ನಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಎಂಬತ್ತರ ದಶಕದಿಂದ ಇಲ್ಲಿ ಓದಿದವರಲ್ಲಿ ಕನ್ನಡ ಮನೆಗಳ ಮಕ್ಕಳೂ ಇದ್ದಾರೆ. ಗವರ್ನಮೆಂಟ್ ಕಾಲನಿಯಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನ ಹುಡುಗಿಯೂ ಎಂಜಿನಿಯರಿಂಗ್ ಓದುತ್ತಾಳೆ. ತಂದೆ ಕುಂದಾಪುರದ ಕಡೆಯವರು. ಒಂದು ಭಾನುವಾರ ವಿಮ್‌ನಲ್ಲಿ ಸಿಕ್ಕಿಬಿದ್ದು ಲ್ಯಾಪ್‌ಟಾಪ್ ತೆರೆದುಕೊಂಡೇ ಬಂದಳು.

“ಅಂಕಲ್, ಟೈಪ್ ಮಾಡಿದ್ರೆ ಅಕ್ಷರಾನೇ ಬರ್ತಿಲ್ಲ. ಇದ್ದ ಸಾಲೂ ಅಳಿಸಿ ಹೋಗ್ತಿದೆ. ಕ್ಲೋಸ್ ಮಾಡೋಕೂ ಬಿಡ್ತಿಲ್ಲ.”

“ಎಸ್ಕೇಪ್ ಒತ್ತಮ್ಮ. ಈಗ ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್.”

ಹೊರಗೆ ಬಂದಳು. ಎಲ್ಲರೂ ಮೊದಲು ಸಿಕ್ಕಿಬೀಳುವುದು ಇಲ್ಲೇ. ವಿಮ್ ತೆರೆದ ಕೂಡಲೇ ಕೀಲಿಗಳು ಅಕ್ಷರ ಮೂಡಿಸುವುದಿಲ್ಲ, ಆಜ್ಞೆ ಕೊಡುತ್ತವೆ. ಬರೆಯಬೇಕಾದರೆ ‘ಐ’ ಒತ್ತಿ ಬರಹದ ಮೋಡ್‌ಗೆ ಹೋಗಬೇಕು, ಬರೆದಾದ ಮೇಲೆ ಎಸ್ಕೇಪ್ ಒತ್ತಿ ಆಜ್ಞೆಯ ಮೋಡ್‌ಗೆ ಮರಳಬೇಕು. ಈ ಒಂದು ಮಾತು ಮೊದಲೇ ಹೇಳಿಕೊಟ್ಟರೆ ಅರ್ಧ ಭಯ ಹೋಗುತ್ತದೆ.

ಹೀಗೇಕೆ ಎಂಬುದಕ್ಕೆ ಕಾರಣವಿದೆ. 1976ರ ಹೊತ್ತಿಗೆ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ವಿಐ ಬರೆದಾಗ ಅವರ ಮುಂದಿದ್ದದ್ದು ಎಡಿಎಂ–3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಇದ್ದವು. ಎಸ್ಕೇಪ್ ಇದ್ದದ್ದು ಇಂದಿನ ಟ್ಯಾಬ್ ಜಾಗದಲ್ಲಿ, ಕಿರುಬೆರಳಿನ ಪಕ್ಕ. ಅವರು ಬಳಸಿದ ಮೋಡೆಮ್‌ನ ವೇಗ 300 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರಗಳ 24 ಸಾಲಿನ ತೆರೆ ಪೂರ್ತಿ ಮೂಡಲು ಒಂದು ನಿಮಿಷಕ್ಕೂ ಹೆಚ್ಚು. ಅಂಥ ಕಡೆ ಒಂದೊಂದು ಕೀಲಿಯೂ ಹೆಚ್ಚು ಕೆಲಸ ಮಾಡಲೇಬೇಕಿತ್ತು. ಸಿಗ್ನಲ್ ಕೈಕೊಡುವ ಲೋಕಲ್ ರೈಲಿನಲ್ಲಿ ಕೂತು ಸರ್ವರ್ ತಿದ್ದುವವರಿಗೆ ಆ ಜಿಪುಣತನ ಇಂದೂ ನೆರವಾಗುತ್ತದೆ.

ಆಜ್ಞೆಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಅವುಗಳ ವ್ಯಾಕರಣ ಹಿಡಿದರೆ ಸಾಕು. ‘ಡಿ’ ಅಳಿಸು, ‘ಸಿ’ ಬದಲಿಸು, ‘ವೈ’ ನಕಲಿಸು: ಇವು ಕ್ರಿಯಾಪದಗಳು. ಅವುಗಳ ಬೆನ್ನಿಗೆ ಬರುವುದು ಕರ್ಮ: ‘ಡಬ್ಲ್ಯು’ ಪದ, ‘ಎ–ಪಿ’ ಇಡೀ ಪ್ಯಾರಾ, ‘ಐ’ ಒತ್ತಿ ಉದ್ಧರಣ ಚಿಹ್ನೆ ಒತ್ತಿದರೆ ಆ ಚಿಹ್ನೆಗಳ ಒಳಗಿರುವುದಷ್ಟೇ. ಕ್ರಿಯೆಯನ್ನೂ ಕರ್ಮವನ್ನೂ ಬೇಕಾದಂತೆ ಜೋಡಿಸಿಕೊಳ್ಳಬಹುದು. ಮಾಡಿದ್ದನ್ನೇ ಇನ್ನೊಮ್ಮೆ ಮಾಡಲು ಒಂದು ಚುಕ್ಕಿ, ಬೇಡವಾದರೆ ‘ಯು’. ಹುಡುಗಿಗೆ ವಿಮ್‌ಟ್ಯೂಟರ್ ತೆರೆದುಕೊಟ್ಟೆ. ವಿಮ್ ಜೊತೆಗೇ ಬರುವ ಅರ್ಧ ಗಂಟೆಯ ಪಾಠ ಅದು. ಓದಿ ಮುಗಿಸುವುದಲ್ಲ, ಅದರೊಳಗಿನ ತಪ್ಪು ಸಾಲುಗಳನ್ನು ಕೈಯಾರೆ ತಿದ್ದುತ್ತ ಹೋಗುವುದು. ಲ್ಯಾಪ್‌ಟಾಪ್ ಇಲ್ಲದ ಮಕ್ಕಳು ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಅದರಲ್ಲೂ ಕಲಿಯಬಹುದು.

ವಿಮ್ ಬರೆದ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಅದನ್ನು 1991ರಲ್ಲಿ ಹೊರತಂದರು. ಬಳಸಲು ಹಣ ಬೇಡ. ಮನಸ್ಸಿದ್ದರೆ ಉಗಾಂಡದ ಕಿಬಾಲೆಯ ಮಕ್ಕಳಿಗೆ ನೆರವಾಗಿ ಎಂದಷ್ಟೇ ಕೇಳಿದರು. ಅವರು 2023ರ ಆಗಸ್ಟ್ 3ರಂದು ತೀರಿಕೊಂಡರು. ಆ ಕೋರಿಕೆ ಇಂದಿಗೂ ವಿಮ್‌ನ ಮೊದಲ ತೆರೆಯಲ್ಲಿ ಕಾಣುತ್ತದೆ. ಸಾಫ್ಟ್‌ವೇರ್ ಲೋಕದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಸಾಲು ಅದು.

ನನಗೆ ಮುಖ್ಯವಾದದ್ದು ಇದರಲ್ಲಿ ಕನ್ನಡ ಬರೆಯುವ ಮಾತು. ನುಡಿ ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆ ವಿನ್ಯಾಸ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಂಟಿನಿಂದ ಅವರು ಈ ಮುಂಬಯಿಯಲ್ಲೇ ದುಡಿದವರು. ‘ಕೆ’ ಒತ್ತಿದರೆ ಕ, ‘ಜಿ’ ಒತ್ತಿದರೆ ಗ, ಒತ್ತು ಕೂಡಿಸಲು ನಡುವೆ ‘ಎಫ್’. ಲಿನಕ್ಸ್‌ನಲ್ಲಿ ಅದೇ ವಿನ್ಯಾಸ ಕಗಪ ಎಂಬ ಹೆಸರಲ್ಲಿದೆ. ಅದನ್ನು ಆನ್ ಮಾಡಿಕೊಂಡು ವಿಮ್‌ನಲ್ಲಿ ಬರೆದು, ಎಸ್ಕೇಪ್ ಒತ್ತಿ ಕರ್ಸರ್ ಸರಿಸಲು ಎಚ್, ಜೆ, ಕೆ, ಎಲ್ ಒತ್ತಿ ನೋಡಿ: ವಿಮ್‌ಗೆ ತಲುಪುವುದು ಹ, ಜ, ಕ, ಲ. ಅದಕ್ಕೆ ಆ ಆಜ್ಞೆಗಳು ಗೊತ್ತಿಲ್ಲ, ಕರ್ಸರ್ ಅಲುಗುವುದಿಲ್ಲ.

ಇದಕ್ಕೆ ವಿಮ್‌ನೊಳಗೇ ಪರಿಹಾರವಿದೆ. ಅದರ ಕೀಮ್ಯಾಪ್ ಅಕ್ಷರ ಬರೆಯುವಾಗ ಕೆಲಸ ಮಾಡುತ್ತದೆ, ಆಜ್ಞೆಗಳನ್ನು ಮುಟ್ಟುವುದಿಲ್ಲ; ಕಂಟ್ರೋಲ್ ಜೊತೆ 6 ಒತ್ತಿದರೆ ಇಂಗ್ಲಿಷ್, ಮತ್ತೊಮ್ಮೆ ಒತ್ತಿದರೆ ಕನ್ನಡ. ಆಜ್ಞೆಯ ಮೋಡ್‌ಗೆ ಬಂದರೆ ಎಚ್ ಎಂದರೆ ಎಚ್ಚೇ. ಕೀಮ್ಯಾಪ್ ಎಂದರೆ ಎರಡು ಕಾಲಮ್ಮಿನ ಸಾದಾ ಫೈಲು: ಎಡಕ್ಕೆ ಕೀಲಿ, ಬಲಕ್ಕೆ ಅಕ್ಷರ. ಯಾರು ಬೇಕಾದರೂ ಬರೆದುಕೊಳ್ಳಬಹುದು.

ತೆರೆಯ ತೊಂದರೆ ಬೇರೆ. ಟರ್ಮಿನಲ್ ಇಡೀ ತೆರೆಯನ್ನು ಸಮ ಅಗಲದ ಚೌಕಗಳಾಗಿ ಹಂಚುತ್ತದೆ. ನಮ್ಮ ಅಕ್ಷರಗಳು ಆ ಅಳತೆಗೆ ಕೂರುವುದಿಲ್ಲ. ‘ಸೂರ್ಯ’ ಎಂದು ಬರೆದು, ಕರ್ಸರನ್ನು ಎರಡನೇ ಅಕ್ಷರಕ್ಕೆ ತಂದು ‘ಜಿ–ಎ’ ಒತ್ತಿದೆ. ಕೆಳಗೆ ರ ಮತ್ತು ಹಲಂತ ಚಿಹ್ನೆ ಎರಡರ ಸಂಕೇತ ಸಂಖ್ಯೆಗಳೂ ಬಂದವು. ಯ ಅದರ ಮುಂದಿನ ಚೌಕದಲ್ಲಿ ಬೇರೆಯೇ ಕೂತಿತ್ತು. ಕೈಬರಹದಲ್ಲಿ ನಾವು ಯ ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತೇವೆ, ಫೈಲಿನಲ್ಲಿ ರಕಾರವೇ ಮೊದಲು. ಎರಡನ್ನೂ ಬೆಸೆಯದ ಟರ್ಮಿನಲ್‌ನಲ್ಲಿ ಪದ ಒಡೆದು ಕಾಣುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ. ಕನ್ನಡವನ್ನೇ ಪುಟಗಟ್ಟಲೆ ಬರೆಯುವವರಿಗೆ ನಾನು ಹೇಳುವುದು ಇಮ್ಯಾಕ್ಸ್ ಎಂಬ ಇನ್ನೊಂದು ಎಡಿಟರನ್ನು ಅದರ ಸ್ವಂತ ಕಿಟಕಿಯಲ್ಲಿ ತೆರೆಯಿರಿ ಎಂದು. 2020ರ 27ನೇ ಆವೃತ್ತಿಯಿಂದ ಅದು ಅಕ್ಷರಗಳನ್ನು ಬೆಸೆದು ತೋರಿಸುವ ಹಾರ್ಫ್‌ಬಜ್ ಬಳಸುತ್ತಿದೆ, ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪ್ರೋಗ್ರಾಮಿನ ಕೋಡಿನ ನಡುವೆ ನಾಲ್ಕು ಸಾಲು ಕನ್ನಡ ಟಿಪ್ಪಣಿ ಬರೆಯುವವರಿಗೆ ವಿಮ್ ಸಾಕು.

ಕೀಮ್ಯಾಪ್ ಬರೆಯುವ ಕೆಲಸವನ್ನು ಹುಡುಗಿಗೇ ಕೊಟ್ಟೆ. ವ್ಯಂಜನಗಳು ಬೇಗ ಮುಗಿದವು. ಸ್ವರಗಳಲ್ಲಿ ತೊಡಕು: ‘ಐ’ ಕೀಲಿ ಒಂಟಿಯಾಗಿ ಬಂದರೆ ಇ, ಕ ಆದ ಮೇಲೆ ಬಂದರೆ ಕಿ. ಹಾಗಾಗಿ ಪ್ರತಿ ವ್ಯಂಜನಕ್ಕೂ ಪೂರ್ತಿ ಕಾಗುಣಿತದ ಸಾಲುಗಳು ಬೇಕು. ಕಕಾರದ್ದನ್ನು ಕೈಯಿಂದ ಬರೆದಳು. ಆ ಸಾಲುಗಳನ್ನೆಲ್ಲ ‘ವೈ’ ಒತ್ತಿ ನಕಲಿಸಿ, ‘ಪಿ’ ಒತ್ತಿ ಕೆಳಗೆ ಇಳಿಸಿ, ಎಡಗಡೆ ‘ಕೆ’ ಇದ್ದಲ್ಲೆಲ್ಲ ‘ಜಿ’, ಬಲಗಡೆ ಕ ಇದ್ದಲ್ಲೆಲ್ಲ ಗ ಬರುವಂತೆ ಬದಲಿಸಿದಳು. “ಅಂಕಲ್, ಇದನ್ನೇ ರೆಕಾರ್ಡ್ ಮಾಡಿಟ್ರೆ ಳ ತನಕ ತಾನೇ ಹೋಗುತ್ತಲ್ವಾ?” ಎಂದು ಕೇಳಿದಳು. ಹೋಗುತ್ತದೆ. ಪ್ರತಿ ಸುತ್ತಿಗೂ ಮುಂದಿನ ವ್ಯಂಜನವನ್ನು ಪಟ್ಟಿಯಿಂದ ಎತ್ತಿಕೊಳ್ಳುವಂತೆ ರೆಕಾರ್ಡ್ ಮಾಡಿದರೆ ಸಾಕು; ‘ಕ್ಯೂ’ ಕೀಲಿ ಇರುವುದೇ ಅದಕ್ಕೆ.