ಅಟ್ಟವಿಲ್ಲದ ಮನೆ

ಮೈಸೂರಿನಲ್ಲಾಗಲಿ, ಧಾರವಾಡದಲ್ಲಾಗಲಿ, ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ಹಳೆಯ ಮನೆಯೊಂದರ ಅಟ್ಟವನ್ನು ಹತ್ತಿ ನೋಡಿದರೆ ಕಬ್ಬಿಣದ ಟ್ರಂಕೊಂದು ಸಿಕ್ಕಿಯೇ ಸಿಕ್ಕುತ್ತದೆ. ಅದರೊಳಗೆ ಅರಿಸಿನ ಹಚ್ಚಿದ ಜಾತಕಗಳು, ಮದುವೆಯ ಲಗ್ನಪತ್ರಿಕೆಗಳು, ಅಂಚು ಮಾಸಿದ ಭಾವಚಿತ್ರಗಳು, ದಾರದಿಂದ ಕಟ್ಟಿಟ್ಟ ಇನ್‌ಲ್ಯಾಂಡ್ ಕಾಗದಗಳು. ಬೀಗದಕೈ ಮನೆಯ ಹಿರಿಯಳ ಸೊಂಟದಲ್ಲಿ. ಈ ಟ್ರಂಕಿಗೆ ಯಾರೂ ಬಾಡಿಗೆ ಕೇಳಿದ್ದಿಲ್ಲ; ನಾಳೆಯಿಂದ ಅದನ್ನು ತೆರೆಯುವಂತಿಲ್ಲವೆಂದು ಯಾರೂ ನೋಟೀಸು ಕೊಟ್ಟದ್ದೂ ಇಲ್ಲ.

ಇಂದಿನ ಸಂಸಾರದ ಟ್ರಂಕು ಅಟ್ಟದ ಮೇಲಿಲ್ಲ. ಮಗುವಿನ ನಾಮಕರಣದ ಚಿತ್ರ, ಅಜ್ಜಿ ಹೇಳಿಕೊಟ್ಟ ಗೊಜ್ಜಿನ ವಿಧಾನ, ವಿದೇಶದಲ್ಲಿರುವ ಮಗ ಬರೆದ ಕಾಗದ, ಎಲ್ಲವೂ ಎಲ್ಲಿಯೋ ಇರುವ, ಮನೆಯವರು ಎಂದೂ ಕಣ್ಣಿನಿಂದ ಕಾಣದ ಯಂತ್ರಗಳ ಹೊಟ್ಟೆಯಲ್ಲಿ ಸೇರಿವೆ. ಯಂತ್ರದ ಒಡೆಯರು ಬೇರೆ. ಅವರ ಲೆಕ್ಕಾಚಾರವೂ ಬೇರೆ. ಅಂತರಜಾಲದ ಹೊಸ ಹೊಸ ಸೇವೆಗಳನ್ನು ಕುರಿತು ದಿನವೂ ಸುದ್ದಿ ಬರುತ್ತದೆ. ಆದರೆ ಹಳೆಯ ಸೇವೆಗಳು ಏನಾದುವೆಂಬುದನ್ನು ವಿಚಾರಿಸುವವರು ಕಡಿಮೆ.

ಭಾರತದ ಸಾರ್ವಜನಿಕರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷ ಜುಲೈ 4ರಂದು, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜಾಕ್ ಸ್ಮಿತ್ ಅಮೆರಿಕದಲ್ಲಿ 'ಹಾಟ್‌ಮೇಲ್' ಎಂಬ ಪುಕ್ಕಟೆ ಅಂಚೆಯನ್ನು ಆರಂಭಿಸಿದರು. ಯಾರು ಯಾರಿಗೆ ಕಾಗದ ಬರೆದರೂ ಅದರ ಅಡಿಯಲ್ಲಿ ಹಾಟ್‌ಮೇಲಿನ ಜಾಹೀರಾತು ಒಂದು ಸಾಲು ತಾನಾಗಿಯೇ ಸೇರಿಕೊಳ್ಳುತ್ತಿದ್ದಿತು. ಅಂಚೆಯವನೇ ಕಾಗದದ ಕೆಳಗೆ ತನ್ನ ಹೆಸರನ್ನೂ ಬರೆದು ಕಳುಹಿದಂತೆ! ಪುಕ್ಕಟೆ ಎಂಬ ಮಾತಿನ ಒಳಗುಟ್ಟು ಅಂದೇ ಬಯಲಾಗಿತ್ತು. ಯಂತ್ರಗಳು ಹಗಲಿರುಳೂ ವಿದ್ಯುತ್ತನ್ನು ತಿನ್ನುತ್ತವೆ. ಅವುಗಳಿಗೆ ಜಾಗ ಬೇಕು, ತಂಪು ಬೇಕು, ಕಾಯುವ ಜನ ಬೇಕು. ಈ ಖರ್ಚನ್ನು ಬಳಸುವವನು ಕೊಡದಿದ್ದರೆ ಜಾಹೀರಾತಿನವನು ಕೊಡಬೇಕು. ಅವನೂ ಕೈಬಿಟ್ಟ ದಿನ ಅಂಗಡಿ ಮುಚ್ಚುತ್ತದೆ.

ಹಾಗೆ ಮುಚ್ಚಿದ ದೊಡ್ಡ ಅಂಗಡಿಗಳಲ್ಲಿ 'ಜಿಯೋಸಿಟೀಸ್' ಒಂದು. 1994ರಲ್ಲಿ ಹುಟ್ಟಿದ ಈ ಸೇವೆ ಊರಿನ ಮಾದರಿಯಲ್ಲಿಯೇ ಬಡಾವಣೆಗಳನ್ನು ಮಾಡಿ, ಅವುಗಳಿಗೆ ಹೆಸರಿಟ್ಟು, ಪ್ರತಿಯೊಬ್ಬನಿಗೂ ಮನೆಯ ಸಂಖ್ಯೆಯನ್ನು ಕೊಟ್ಟು, ಪುಟ ಕಟ್ಟಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. 1999ರಲ್ಲಿ ಯಾಹೂ ಸಂಸ್ಥೆ ಸುಮಾರು 350 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಹತ್ತು ವರ್ಷ ಕಳೆದ ಮೇಲೆ, 2009ರ ಅಕ್ಟೋಬರಿನಲ್ಲಿ, ಜಪಾನಿನ ಶಾಖೆಯೊಂದನ್ನು ಬಿಟ್ಟು ಊರಿಗೆ ಊರೇ ನೆಲಸಮವಾಯಿತು. ಕೆಲವು ಸ್ವಯಂಸೇವಕರು ಕಡೆಯ ತಿಂಗಳುಗಳಲ್ಲಿ ಕೈಗೆ ಸಿಕ್ಕಷ್ಟು ಪುಟಗಳನ್ನು ಪ್ರತಿ ಮಾಡಿ ಉಳಿಸಿದರೆಂಬುದೊಂದೇ ಸಮಾಧಾನ.

ನಮ್ಮ ದೇಶದ ಮನೆಮನೆಗೂ ತಾಕಿದ ಸಂಗತಿಯೆಂದರೆ 'ಆರ್ಕುಟ್' ಸೇವೆಯದು. ಗೂಗಲ್ ಸಂಸ್ಥೆಯಲ್ಲಿದ್ದ ತುರ್ಕಿ ಮೂಲದ ಎಂಜಿನಿಯರೊಬ್ಬರು ತಮ್ಮ ಹೆಸರನ್ನೇ ಇಟ್ಟು 2004ರ ಜನವರಿಯಲ್ಲಿ ಇದನ್ನು ಹೊರತಂದರು. ಅಮೆರಿಕದಲ್ಲಿ ಹುಟ್ಟಿದ ಈ ಕೂಸನ್ನು ಅಮೆರಿಕದವರಿಗಿಂತ ಹೆಚ್ಚಾಗಿ ಎತ್ತಿ ಆಡಿಸಿದವರು ಬ್ರಜಿಲಿನವರು ಮತ್ತು ಭಾರತೀಯರು. ಮೊದಲು ಪರಿಚಿತರ ಆಹ್ವಾನವಿಲ್ಲದೆ ಒಳಗೆ ಪ್ರವೇಶವಿರಲಿಲ್ಲ. ಆದುದರಿಂದಲೇ ಅದರ ಆಕರ್ಷಣೆ ಹೆಚ್ಚಾಯಿತೆನ್ನಬೇಕು. ಸೈಬರ್ ಕೆಫೆಯ ಮರದ ಗೂಡಿನಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಕುಳಿತು ಕಾಲೇಜಿನ ಹುಡುಗ ಹುಡುಗಿಯರು ಒಬ್ಬರಿಗೊಬ್ಬರು 'ಸ್ಕ್ರ್ಯಾಪ್' ಬರೆದರು. ಗೆಳೆಯರ ಗುಣಗಾನ ಮಾಡಿ 'ಟೆಸ್ಟಿಮೋನಿಯಲ್' ಎಂಬ ಪ್ರಶಸ್ತಿಪತ್ರ ಕೊಟ್ಟರು. ಊರಿಗೊಂದು, ಶಾಲೆಗೊಂದು, ಚಿತ್ರನಟನಿಗೊಂದು ಬಳಗ ಹುಟ್ಟಿತು. ಎಷ್ಟೋ ವರ್ಷಗಳ ಹಿಂದೆ ಅಗಲಿದ ಸಹಪಾಠಿಗಳು ಅಲ್ಲಿ ಭೇಟಿಯಾದರು. ಒಂದೆರಡು ವಿವಾಹಗಳಿಗೂ ಅದು ಬೀಜವಾಗಿರಬಹುದು. ಆ ಲೆಕ್ಕವನ್ನು ಇಟ್ಟವರಿಲ್ಲ.

ತರುವಾಯ ಜನ ಫೇಸ್‌ಬುಕ್ಕಿಗೆ ಹರಿದರು. 2014ರ ಜೂನ್ 30ರಂದು ಪ್ರಕಟಣೆ ಹೊರಟು, ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಬಳಗಗಳ ಬಹಿರಂಗ ಚರ್ಚೆಗಳನ್ನು ಎರಡು ವರ್ಷ ಹೆಚ್ಚಾಗಿ ಉಳಿಸಿಟ್ಟು ಕಡೆಗೆ ಅದನ್ನೂ ಅಳಿಸಿದರು. ತಮ್ಮ ಚಿತ್ರಗಳನ್ನೂ ಸ್ಕ್ರ್ಯಾಪುಗಳನ್ನೂ ತೆಗೆದುಕೊಂಡು ಹೋಗಲು ಬಳಕೆದಾರರಿಗೆ ಕಾಲಾವಕಾಶವಿದ್ದಿತೆಂಬುದು ನಿಜ. ಆದರೆ ಹಳೆಯ ಗುಪ್ತಪದವನ್ನು ಮರೆತವರೆಷ್ಟೋ, ಸುದ್ದಿಯನ್ನೇ ಕೇಳದವರೆಷ್ಟೋ. ತಮ್ಮ ಬೇರೆ ಸೇವೆಗಳು ಚೆನ್ನಾಗಿ ಬೆಳೆದಿರುವುದರಿಂದ ಇದನ್ನು ನಿಲ್ಲಿಸುವುದಾಗಿ ಗೂಗಲ್ ಆಗ ಹೇಳಿದ್ದಿತು. ಆ ಬೇರೆ ಸೇವೆಗಳ ಪಟ್ಟಿಯಲ್ಲಿದ್ದ 'ಗೂಗಲ್ ಪ್ಲಸ್' 2019ರ ಏಪ್ರಿಲಿನಲ್ಲಿ ತಾನೂ ಕಣ್ಣು ಮುಚ್ಚಿತೆಂಬುದು ಸೋಜಿಗದ ಸಂಗತಿ.

ಮುಚ್ಚದೆಯೇ ಕಳೆದುಕೊಂಡವರೂ ಉಂಟು. 'ಮೈಸ್ಪೇಸ್' ಎಂಬ ಸೇವೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವಾಗ ಹನ್ನೆರಡು ವರ್ಷಗಳ ಸಂಗೀತವನ್ನು ಕಳೆದುಕೊಂಡದ್ದಾಗಿ 2019ರಲ್ಲಿ ಬೆಳಕಿಗೆ ಬಂದಿತು. ಹೋದ ಹಾಡುಗಳು ಸುಮಾರು 5 ಕೋಟಿ ಎಂದು ಅಂದಾಜು. ಮನೆ ಬದಲಾಯಿಸುವಾಗ ಲಾರಿಯಿಂದ ಒಂದು ಒರಳುಕಲ್ಲು ಬಿದ್ದುಹೋದರೆ ಗೃಹಿಣಿ ವರ್ಷವಿಡೀ ಕೊರಗುತ್ತಾಳೆ!

ಕನ್ನಡಿಗರಿಗೆ ಹತ್ತಿರವಾದ ಇನ್ನೊಂದು ಕಥೆ ಬೆಂಗಳೂರಿನಲ್ಲಿಯೇ ನಡೆಯಿತು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಅವರು 2020ರಲ್ಲಿ 'ಕೂ' ಎಂಬ ಸೇವೆಯನ್ನು ಆರಂಭಿಸಿದರು. ಟ್ವಿಟರಿನಂತೆ ಚಿಕ್ಕ ಚಿಕ್ಕ ಮಾತುಗಳ ಜಗಲಿ. ಗುರುತು ಹಳದಿ ಹಕ್ಕಿ. ವಿಶೇಷವೇನೆಂದರೆ ಈ ಹಕ್ಕಿ ಮೊದಲು ಕಣ್ಣು ತೆರೆದದ್ದು ಕನ್ನಡದಲ್ಲಿ. ಹೊಸ ಸೇವೆಯೊಂದು ಇಂಗ್ಲಿಷಿನಲ್ಲಿ ಹುಟ್ಟಿ, ಉಳಿದರೆ ಉಳಿಯಲಿ ಎಂದು ಕಡೆಯಲ್ಲಿ ಕನ್ನಡವನ್ನು ಸೇರಿಸುವ ರೂಢಿಗೆ ಇದು ವಿರುದ್ಧವಾಗಿದ್ದಿತು. ಅದೇ ವರ್ಷ ಕೇಂದ್ರ ಸರಕಾರದ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂದಿತು. 2021ರಲ್ಲಿ ಸರಕಾರಕ್ಕೂ ಟ್ವಿಟರಿಗೂ ಜಗಳ ಹತ್ತಿದಾಗ ಮಂತ್ರಿಗಳೂ ನಟರೂ ಕೂ ಸೇರಿದರು. ನೈಜೀರಿಯ ಸರಕಾರವು ಟ್ವಿಟರನ್ನು ತಡೆದಾಗ ಅಲ್ಲಿಯವರೂ ಬಂದರು. ಆದರೆ ಜಗಳ ನೋಡಲು ಸೇರಿದ ಜನ ಜಗಳ ಮುಗಿದ ಮೇಲೆ ನಿಲ್ಲುವುದಿಲ್ಲ. ಬಂಡವಾಳ ಒಣಗಿತು, ಬೇರೆ ಸಂಸ್ಥೆಗಳೊಡನೆ ಸೇರುವ ಮಾತುಕತೆ ಫಲಿಸಲಿಲ್ಲ, 2024ರ ಜುಲೈಯಲ್ಲಿ ಸೇವೆ ನಿಲ್ಲುವುದೆಂದು ಸ್ಥಾಪಕರು ಪ್ರಕಟಿಸಿದರು. ಆ ಪ್ರಕಟಣೆಯನ್ನು ಅವರು ಬರೆದದ್ದು 'ಲಿಂಕ್ಡ್‌ಇನ್' ಎಂಬ ಇನ್ನೊಬ್ಬರ ಜಗಲಿಯ ಮೇಲೆ. ಹಕ್ಕಿ ಹಾರಿದಾಗ ಅದರೊಡನೆ ಕನ್ನಡದಲ್ಲಿ ಆಡಿದ ಮಾತುಗಳೂ ಹಾರಿದುವು.

ಇವನ್ನೆಲ್ಲ ಕಾಪಾಡುವವರಿಲ್ಲವೆ? ಒಬ್ಬರಿದ್ದಾರೆ. ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಸ್ಥಾಪಿಸಿದ 'ಇಂಟರ್‌ನೆಟ್ ಆರ್ಕೈವ್' ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಇಗರ್ಜಿಯೊಂದರಲ್ಲಿ ನೆಲೆಸಿ, ಜಗತ್ತಿನ ಜಾಲಪುಟಗಳ ಪ್ರತಿಗಳನ್ನು ಕೂಡಿಡುತ್ತ ಬಂದಿದೆ. ಆದರೆ ಅದಕ್ಕೂ ಒಂದು ಮಿತಿಯಿದೆ. ಬೀದಿಗೆ ಕಾಣುವ ಪುಟವನ್ನು ಅದು ಪ್ರತಿ ಮಾಡಬಲ್ಲುದು. ಗುಪ್ತಪದದ ಬಾಗಿಲ ಹಿಂದಿರುವ ಕಾಗದ, ಚಿತ್ರಗಳಲ್ಲಿಗೆ ಹೋಗಲಾರದು. ಸಂಸಾರಕ್ಕೆ ಬೇಕಾದುದೆಲ್ಲ ಇರುವುದು ಆ ಬಾಗಿಲ ಹಿಂದೆಯೇ. ಬೀದಿಯ ಪುಟಗಳಾದರೂ ಎಷ್ಟು ಉಳಿದಿವೆ? ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷಗಳಲ್ಲಿ ಕಾಣದಾಗಿದ್ದುವು.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಓಲೆಗರಿಗೆ ಹುಳು ಹಿಡಿಯುತ್ತದೆ, ಬೆಂಕಿ ತಾಕುತ್ತದೆ ಎಂಬುದನ್ನು ಆಕೆ ತಿಳಿದಿದ್ದಳು. ಸಾವಿರವನ್ನು ಒಂದೇ ಭಂಡಾರದಲ್ಲಿ ಆಕೆ ಇಡಲಿಲ್ಲ. ನಮ್ಮ ಮನೆಗಳ ಚಿತ್ರಗಳಿಗಾದರೋ ಬಹುಮಟ್ಟಿಗೆ ಒಂದೇ ಭಂಡಾರ, ಒಂದೇ ಬೀಗದಕೈ. ಅಲ್ಲದೆ ಆ ಭಂಡಾರದ ನಿಯಮಗಳೂ ಬದಲಾಗುತ್ತಿವೆ. ಗೂಗಲ್ ಸಂಸ್ಥೆ ಚಿತ್ರಗಳಿಗೆ ಮಿತಿಯಿಲ್ಲದೆ ಕೊಡುತ್ತಿದ್ದ ಪುಕ್ಕಟೆ ಜಾಗವನ್ನು 2021ರ ಜೂನ್ 1ರಿಂದ ನಿಲ್ಲಿಸಿತು. ಎರಡು ವರ್ಷ ಯಾರೂ ಬಳಸದ ಖಾತೆಗಳನ್ನು ಅಳಿಸುವ ಕ್ರಮವನ್ನು 2023ರ ಡಿಸೆಂಬರಿನಿಂದ ಜಾರಿಗೆ ತಂದಿತು. ಎಲ್ಲದಕ್ಕೂ ನಾವು 'ಒಪ್ಪಿದೆ' ಎಂಬ ಗುಂಡಿಯನ್ನು ಒತ್ತಿಯೇ ಇದ್ದೇವೆ. ಬಾಡಿಗೆ ಮನೆಗಾದರೆ ಹನ್ನೊಂದು ತಿಂಗಳ ಕರಾರುಪತ್ರವನ್ನು ಎರಡು ಬಾರಿ ಓದಿ ಸಹಿ ಹಾಕುವ ಜನ ನಾವು.

ಮನೆಯ ಯಜಮಾನ ತೀರಿಕೊಂಡಾಗ ಈ ತೊಡಕು ಮುಖಕ್ಕೆ ಬಂದು ನಿಲ್ಲುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ನಾಮಿನಿಯ ಹೆಸರಿರುತ್ತದೆ. ವಿಮೆಯ ಕಾಗದದಲ್ಲಿಯೂ ಇರುತ್ತದೆ. ಆದರೆ ಮೂವತ್ತು ವರ್ಷಗಳ ಸಂಸಾರದ ಚಿತ್ರಗಳೆಲ್ಲ ಅವರ ಫೋನಿನಲ್ಲಿ. ಗುಪ್ತಪದ ಅವರ ಮನಸ್ಸಿನಲ್ಲಿ. ಮಡದಿ ಮಕ್ಕಳು ಕೈಯಲ್ಲಿ ಫೋನು ಹಿಡಿದೂ ಒಳಗೆ ಹೋಗಲಾರರು. ಇದಕ್ಕೆ ಉಪಾಯವಿಲ್ಲದಿಲ್ಲ. ಖಾತೆ ಇಷ್ಟು ತಿಂಗಳು ಮೌನವಾಗಿದ್ದರೆ ಇಂಥವರಿಗೆ ಒಳಗಿನದನ್ನು ಒಪ್ಪಿಸತಕ್ಕದ್ದು ಎಂದು ಮೊದಲೇ ಬರೆದಿಡುವ ಏರ್ಪಾಡನ್ನು ಗೂಗಲ್ 2013ರಿಂದ ಇಟ್ಟಿದೆ. ಫೇಸ್‌ಬುಕ್ಕಿನವರು 2015ರಲ್ಲಿ, ಆಪಲ್ ಸಂಸ್ಥೆಯವರು 2021ರಲ್ಲಿ ಇಂಥದೇ ಏರ್ಪಾಡನ್ನು ತಂದರು. ಫೋನಿನಲ್ಲಿ ಖಾತೆಯ ಆಯ್ಕೆಗಳನ್ನು ತೆರೆದು, ಹೆಂಡತಿಯದೋ ಮಗಳದೋ ಹೆಸರನ್ನೂ ವಿಳಾಸವನ್ನೂ ತುಂಬಲು, ಒಲೆಯ ಮೇಲೆ ಕಾಫಿಗೆಂದು ಇಟ್ಟ ನೀರು ಕುದಿಯುವಷ್ಟು ಹೊತ್ತು ಸಾಕು.